ಹೊಗೆ ಬಿಟ್ಟರೆ ಸಾಲದು, ಡ್ರಮ್ ಉಜ್ಜಿ

ಮಾನ್ಯರೇ,

ಮಳೆಗಾಲದಲ್ಲಿ ನಮ್ಮ ಬೀದಿಗೆ ಫಾಗಿಂಗ್ ಗಾಡಿ ಬಂದು ಹೊಗೆ ಬಿಟ್ಟು ಹೋದರೆ ಎಲ್ಲರಿಗೂ ಸಮಾಧಾನ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ನಾವೇ ತುಂಬಿಟ್ಟ ನೀರಿನಲ್ಲಿ ಅಲ್ವಾ? ಡ್ರಮ್, ಸಂಪು, ಫ್ರಿಜ್ ಹಿಂದಿನ ತಟ್ಟೆ. ಸುಮ್ನೆ ನೀರು ಚೆಲ್ಲಿದರೂ ಆಗದು, ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತದೆ, ಮತ್ತೆ ನೀರು ತುಂಬಿದರೆ ವಾರ-ಹತ್ತು ದಿನದಲ್ಲಿ ಸೊಳ್ಳೆ ರೆಡಿ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಲೇಬೇಕು.

2024ರಲ್ಲಿ ಸರ್ಕಾರ, ಸೊಳ್ಳೆ ಹುಟ್ಟಲು ಬಿಟ್ಟರೆ ನಗರದ ಮನೆಗಳಿಗೆ 400, ಕಟ್ಟಡ ಕಾಮಗಾರಿ ಜಾಗಕ್ಕೆ 2,000 ರೂಪಾಯಿ ದಂಡ ಅಂದಿತು. ನಮ್ಮ ಪಕ್ಕದ ಅರ್ಧ ಕಟ್ಟಿದ ಕಟ್ಟಡದ ಲಿಫ್ಟ್ ಗುಂಡಿಯಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿವೆ, ಕೇಳೋರಿಲ್ಲ.

ಇನ್ನೊಂದು, ಡೆಂಗಿ ಜ್ವರ ಇಳಿದಾಗಲೇ ಹುಷಾರಾಗಿರಬೇಕು. ಹೊಟ್ಟೆನೋವು, ವಾಂತಿ ಜಾಸ್ತಿಯಾದರೆ ಪಪ್ಪಾಯ ಎಲೆ ರಸ ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಓಡಿ.

– ಒಬ್ಬ ಓದುಗ, ಬೆಂಗಳೂರು