ಗೌರವದಿಂದ ಮನೆಗೆ ಕಳುಹಿಸುವ ಮುನ್ನ: ನಾಟಕ ಬರೆಯುತ್ತಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ನಾಟಕದ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಯುದ್ಧಭೂಮಿಯ ಭಾಗಗಳು ಬಿಗಿಯಾಗಿವೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಈ ಪತ್ರ ಕೊನೆಯ ಆಸ್ಥಾನದ ದೃಶ್ಯದ ಬಗ್ಗೆ ಮಾತ್ರ. ಗಂಡುವೇಷದಲ್ಲಿ ಕಾದಾಡಿ ಗೆದ್ದು ಬಂದ ನಿನ್ನ ನಾಯಕಿ ತುಂಬಿದ ಸಭೆಯಲ್ಲಿ ಶಿರಸ್ತ್ರಾಣ ತೆಗೆಯುತ್ತಾಳೆ, ಜಡೆ ಬೆನ್ನ ಮೇಲೆ ಇಳಿಯುತ್ತದೆ, ಸಭಿಕರು ಬೆರಗಾಗುತ್ತಾರೆ, ರಾಜನು ಅವಳನ್ನು ಹುಟ್ಟುಹೆಸರಿನಿಂದ ಕರೆದು, ಸನ್ಮಾನಿಸಿ, ಪಲ್ಲಕ್ಕಿಯಲ್ಲಿ ತವರಿಗೆ ಕಳುಹಿಸಿಕೊಡುತ್ತಾನೆ. ಆ ಪಲ್ಲಕ್ಕಿ ಅವಳಿಗೆ ಬೇಕಾಗಿತ್ತೇ ಎಂದು ನಾಟಕದಲ್ಲಿ ಯಾರೂ ಅವಳನ್ನು ಕೇಳುವುದಿಲ್ಲ. ನಿಜವಾಗಿ ನಡೆದ ಇಂತಹದೇ ಒಂದು ಆಸ್ಥಾನದ ಭೇಟಿಯ ವಿಷಯ ನನಗೆ ಚೆನ್ನಾಗಿ ಗೊತ್ತಿದೆ. ಅದನ್ನು ನಿನಗೆ ಹೇಳದೆ ಬಿಟ್ಟರೆ ಗೆಳೆತನಕ್ಕೆ ದ್ರೋಹ ಮಾಡಿದಂತಾಗುತ್ತದೆ.

ಅದು ರಷ್ಯದ ನದೆಜ್ದಾ ದುರೊವಾಳ ಕಥೆ. 1783ರಲ್ಲಿ ಹುಟ್ಟಿದ ಆಕೆಯ ತಂದೆ ಹುಸಾರ್ ಅಶ್ವದಳದ ಅಧಿಕಾರಿ. ಗಂಡುಮಗುವಿಗಾಗಿ ಹಂಬಲಿಸಿದ್ದ ತಾಯಿ, ದಂಡಿನೊಂದಿಗೆ ಪ್ರಯಾಣ ಮಾಡುತ್ತಿದ್ದಾಗ, ಅಳು ನಿಲ್ಲಿಸದ ಎಳೆಗೂಸನ್ನು ಗಾಡಿಯ ಕಿಟಕಿಯಿಂದ ಹೊರಗೆ ಎಸೆದಳು. ಹುಸಾರ್ ಸವಾರರು ಮಗುವನ್ನು ಎತ್ತಿಕೊಂಡು ತಂದೆಯ ಕೈಗೆ ಕೊಟ್ಟರು. ಅಂದಿನಿಂದ ಮಗುವನ್ನು ಸಾಕಿದವನು ಅಸ್ತಾಖೊವ್ ಎಂಬ ಸಾಮಾನ್ಯ ಸೈನಿಕ. ಕುದುರೆಯ ಬೆನ್ನು, ಖಡ್ಗದ ಹೊಳಪು, ಕಹಳೆಯ ಸದ್ದು ಇವೇ ಆಕೆಯ ಆಟಿಕೆಗಳಾದವು. ಮುಂದೆ ತಂದೆ ಸೈನ್ಯ ಬಿಟ್ಟು, ಕಾಮಾ ನದಿಯ ದಡದ ಸರಾಪುಲ್ ಊರಿನಲ್ಲಿ ಪಟ್ಟಣಾಧಿಕಾರಿಯಾದಾಗ ಹುಡುಗಿ ತಾಯಿಯ ಕೈಗೆ ಸಿಕ್ಕಳು. ತಾಯಿ ಅವಳನ್ನು ಕೋಣೆಯಲ್ಲಿ ಕೂರಿಸಿ ಲೇಸು ಹೆಣೆಯಲು ಕಲಿಸಿದಳು. ಹೆಣ್ಣುಜನ್ಮದಷ್ಟು ಹೀನವಾದುದು ಬೇರೆ ಇಲ್ಲವೆಂದು ಮಗಳ ಎದುರಿಗೇ ಗೋಳಿಟ್ಟಳು. ತಂದೆಯೋ, ಇವಳು ಮಗನಾಗಿದ್ದರೆ ನನ್ನ ಮುಪ್ಪಿನ ಚಿಂತೆ ಇರುತ್ತಿರಲಿಲ್ಲ ಎನ್ನುತ್ತಿದ್ದ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಮನೆಯನ್ನು ಮರೆಯಬಾರದು.

1806ರ ಸೆಪ್ಟೆಂಬರ್‌ನ ಒಂದು ರಾತ್ರಿ ಆಕೆ ಕನ್ನಡಿಯ ಮುಂದೆ ನಿಂತು ಗುಂಗುರು ಕೂದಲನ್ನು ಕತ್ತರಿಸಿಕೊಂಡು, ರಷ್ಯದ ಗಡಿನಾಡಿನ ಕುದುರೆಸವಾರ ಸೈನಿಕರಾದ ಕೊಸಾಕರ ಸಮವಸ್ತ್ರ ತೊಟ್ಟು, ತಾನು ಬಿಚ್ಚಿದ ಹೆಂಗಸರ ಬಟ್ಟೆಗಳನ್ನು ನದಿಯ ದಡದಲ್ಲಿ ಇಟ್ಟು, ಅಲ್ಕಿಡ್ ಎಂಬ ತನ್ನ ಕುದುರೆಯನ್ನೇರಿ ಹೊರಟುಹೋದಳು. ನೋಡಿದವರು ಮುಳುಗಿ ಸತ್ತಳೆಂದುಕೊಳ್ಳಲಿ ಎಂಬುದು ಎಣಿಕೆ. ಕೊಸಾಕರೊಂದಿಗೆ ಪಶ್ಚಿಮದ ಗಡಿ ತಲುಪಿ, 1807ರಲ್ಲಿ ಗ್ರೊದ್ನೊ ಊರಿನಲ್ಲಿ, ಅಲೆಕ್ಸಾಂಡರ್ ಸೊಕೊಲೊವ್ ಎಂಬ ಹೆಸರಿನಲ್ಲಿ ಈಟಿ ಹಿಡಿಯುವ ಊಲಾನ್ ಅಶ್ವದಳವನ್ನು ಸೇರಿದಳು. ಆ ವರ್ಷ ನೆಪೋಲಿಯನ್ನನ ಸೈನ್ಯದ ವಿರುದ್ಧ ಗುಟ್‌ಸ್ಟಾಟ್, ಹೈಲ್ಸ್‌ಬರ್ಗ್, ಫ್ರೀಡ್‌ಲಾಂಡ್ ಕದನಗಳಲ್ಲಿ ಪಾಲ್ಗೊಂಡಳು. ಗುಟ್‌ಸ್ಟಾಟ್‌ನಲ್ಲಿ ಪಾನಿನ್ ಎಂಬ ಅಧಿಕಾರಿಯನ್ನು ಶತ್ರುಸವಾರರು ಕುದುರೆಯಿಂದ ಕೆಡವಿ ಸುತ್ತುಗಟ್ಟಿದ್ದನ್ನು ಕಂಡು, ಈಟಿ ನೀಡಿಕೊಂಡು ಒಂಟಿಯಾಗಿ ಅವರ ಮೇಲೆ ನುಗ್ಗಿದಳು. ಅವರು ಚೆದುರಿದ ಮೇಲೆ ಗಾಯಾಳುವನ್ನು ತನ್ನ ಕುದುರೆಯ ಮೇಲೇ ಹತ್ತಿಸಿ ಕಳುಹಿಸಿದಳು. ಅಲ್ಕಿಡ್ ಆಕೆಗೆ ಪ್ರಾಣಕ್ಕಿಂತ ಹೆಚ್ಚಾಗಿತ್ತೆಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ.

ಗುಟ್ಟು ಬಯಲಾದದ್ದು ಯುದ್ಧಭೂಮಿಯಲ್ಲಿ ಅಲ್ಲ. ಕ್ಷಮೆ ಕೋರಿ ತಂದೆಗೆ ಆಕೆ ಬರೆದ ಪತ್ರವೇ ಜಾಡು ತೋರಿಸಿತು. ಮನೆಯವರು ಮಗಳನ್ನು ಹುಡುಕಿಸತೊಡಗಿದರು. ಸುದ್ದಿ ರಾಜಧಾನಿಯನ್ನು ಮುಟ್ಟಿ, ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನ ಕಿವಿಗೆ ಬಿತ್ತು. ಆತ ವಿಚಾರಣೆಗೆ ಆಜ್ಞೆ ಮಾಡಿದ. ದಳದ ಮೇಲಧಿಕಾರಿಗಳಿಂದ ಬಂದ ವರದಿಯಲ್ಲಿ ಹೊಗಳಿಕೆಯೇ ತುಂಬಿತ್ತು. ಆದರೂ ಆಯುಧಗಳನ್ನು ಬಿಟ್ಟು ಹೊರಡಬೇಕೆಂಬ ಅಪ್ಪಣೆ ಬಂದಾಗ ಆಕೆಯ ಎದೆ ಒಡೆದುಹೋಯಿತು.

1807ರ ಡಿಸೆಂಬರ್ ಕೊನೆಯಲ್ಲಿ ಪೀಟರ್ಸ್‌ಬರ್ಗಿನ ಅರಮನೆಯಲ್ಲಿ ನಡೆದ ಭೇಟಿಯನ್ನು ಆಕೆಯೇ ತನ್ನ ಆತ್ಮಕಥನದಲ್ಲಿ ವಿವರವಾಗಿ ಬರೆದಿದ್ದಾಳೆ. ಅಲ್ಲಿ ತುಂಬಿದ ಸಭೆ ಇರಲಿಲ್ಲ, ಇಳಿಬೀಳಲು ಜಡೆಯೂ ಇರಲಿಲ್ಲ. ಚಕ್ರವರ್ತಿ ಆಕೆಯ ಕೈ ಹಿಡಿದು ಮೇಜಿನ ಬಳಿಗೆ ಕರೆದೊಯ್ದು, ನೀನು ಗಂಡಸಲ್ಲವೆಂದು ಕೇಳಿದ್ದೇನೆ, ನಿಜವೇ ಎಂದು ಮೆಲುದನಿಯಲ್ಲಿ ಕೇಳಿದ. ಆಕೆ ಕಣ್ಣು ತಗ್ಗಿಸಿ ಸುಮ್ಮನೆ ನಿಂತಳು. ರಾಜನ ಕೈಯೊಳಗಿದ್ದ ಆಕೆಯ ಕೈ ನಡುಗುತ್ತಿತ್ತು. ಕೊನೆಗೆ ತಲೆಯೆತ್ತಿ ನಿಜವೆಂದು ಒಪ್ಪಿಕೊಳ್ಳುವಾಗ, ಚಕ್ರವರ್ತಿಯ ಮುಖ ನಾಚಿಕೆಯಿಂದ ಕೆಂಪಾದುದನ್ನು ಕಂಡು ತಾನೂ ಕೆಂಪೇರಿದೆ ಎಂದು ಬರೆದಿದ್ದಾಳೆ. ಗುಟ್ಟು ಒಡೆಯುವ ಆ ಕ್ಷಣದಲ್ಲಿ ಮುಜುಗರ ಇಬ್ಬರಿಗೂ ಆಯಿತೆಂಬ ಈ ಸಣ್ಣ ವಿವರವೇ ಆಕೆಯ ಮಾತನ್ನು ನಂಬುವಂತೆ ಮಾಡುತ್ತದೆ.

ಆಮೇಲೆ ರಾಜನು ಆಡಿದ ಮಾತನ್ನು ಗಮನಿಸು. ಮೇಲಧಿಕಾರಿಗಳೆಲ್ಲ ನಿನ್ನ ಶೌರ್ಯವನ್ನು ಕೊಂಡಾಡಿದ್ದಾರೆ, ಅದಕ್ಕೆ ತಕ್ಕ ಬಹುಮಾನ ಕೊಟ್ಟು ನಿನ್ನನ್ನು ಗೌರವದಿಂದ ತಂದೆಯ ಮನೆಗೆ ಕಳುಹಿಸಬಯಸುತ್ತೇನೆ ಎಂದನು. ಆತ ಕೇಡು ಬಯಸಿದವನಲ್ಲ; ಹೆಣ್ಣಿಗೆ ರಾಜನೊಬ್ಬ ಕೊಡಬಹುದಾದ ಅತ್ಯುಚ್ಚ ಮರ್ಯಾದೆ ಅದೇ ಎಂದು ಪ್ರಾಮಾಣಿಕವಾಗಿ ನಂಬಿದ್ದ. ನಿನ್ನ ನಾಟಕದ ರಾಜನೂ ಹಾಗೆಯೇ ನಂಬಿದ್ದಾನೆ. ಆದರೆ ಆ ಮಾತು ಮುಗಿಯುವಷ್ಟರಲ್ಲಿ ದುರೊವಾ ಚೀರಿ ಆತನ ಕಾಲಿಗೆ ಬಿದ್ದಳು. ನನ್ನನ್ನು ಮನೆಗೆ ಕಳುಹಿಸಬೇಡಿ, ನಾನಲ್ಲಿ ಸತ್ತುಹೋಗುತ್ತೇನೆ, ಈ ಯುದ್ಧದಲ್ಲಿ ನನ್ನ ಪಾಲಿಗೆ ಒಂದು ಗುಂಡೂ ಸಿಗಲಿಲ್ಲವಲ್ಲ ಎಂದು ಹಲುಬುವಂತೆ ಮಾಡಬೇಡಿ ಎಂದು ಅತ್ತಳು. ಹಾಗಾದರೆ ನಿನಗೇನು ಬೇಕು ಎಂದು ಆತ ಕೇಳಿದಾಗ ಆಕೆ ಕೇಳಿದ್ದು ಒಂದೇ: ಸೈನಿಕಳಾಗಿರಲು ಬಿಡಿ, ಸಮವಸ್ತ್ರ ಮತ್ತು ಆಯುಧ ಕೊಡಿ, ಇದಲ್ಲದೆ ಬೇರೆ ಬಹುಮಾನ ನನಗಿಲ್ಲ.

ವಿರಾಟನ ಆಸ್ಥಾನದಲ್ಲಿ ಬೃಹನ್ನಳೆಯ ವೇಷ ಕಳಚಿದಾಗ ಅರ್ಜುನನಿಗಾಗಿ ಅವನ ಹಳೆಯ ಹೆಸರು, ಗಾಂಡೀವ, ಅಣ್ಣತಮ್ಮಂದಿರು ಎಲ್ಲವೂ ಕಾದಿದ್ದವು. ದುರೊವಾಳ ವೇಷ ಕಳಚಿದರೆ ಆಕೆಗಾಗಿ ಕಾದಿದ್ದದ್ದು ಸರಾಪುಲ್‌ನ ಕೋಣೆ, ಲೇಸಿನ ದಾರ. ಇಬ್ಬರ ಗುಟ್ಟು ರಟ್ಟಾಗುವುದನ್ನೂ ಒಂದೇ ಬಗೆಯ ಬಿಡುಗಡೆ ಎಂದು ಬರೆಯುವುದು ಸರಿಯಲ್ಲವೆಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಚಕ್ರವರ್ತಿ ಮನಸ್ಸು ಬದಲಿಸಿದ. ಮರಿಯುಪೋಲ್ ಹುಸಾರ್ ದಳದಲ್ಲಿ ಅಧಿಕಾರಿಯ ಮೊದಲ ಹುದ್ದೆಯಾದ ಕಾರ್ನೆಟ್ ಪದವಿಯನ್ನು ಕೊಟ್ಟ. ಪಾನಿನ್‌ನ ಪ್ರಾಣ ಉಳಿಸಿದ್ದಕ್ಕೆ ಸೇಂಟ್ ಜಾರ್ಜ್ ಶಿಲುಬೆಯನ್ನು ನೀಡಿದ. ಜೊತೆಗೆ ತನ್ನ ಹೆಸರನ್ನೇ ಕೊಟ್ಟು, ಇನ್ನು ಮುಂದೆ ನೀನು ಅಲೆಕ್ಸಾಂಡ್ರೊವ್ ಎಂದ. ಈ ಹೆಸರಿಗೆ ಕಲೆಯ ನೆರಳು ಬಿದ್ದರೂ ಕ್ಷಮಿಸಲಾರೆ ಎಂಬ ಎಚ್ಚರಿಕೆಯೂ ಅದರೊಂದಿಗೇ ಬಂತು. ಹೀಗೆ ಆಸ್ಥಾನದಿಂದ ಹೊರಬಿದ್ದವಳಿಗೆ ದೊರೆತದ್ದು ಹುಟ್ಟುಹೆಸರಲ್ಲ, ತಾನು ಕಟ್ಟಿಕೊಂಡಿದ್ದ ಸೊಕೊಲೊವ್ ಎಂಬ ಹೆಸರೂ ಅಲ್ಲ. ಬೇರೊಬ್ಬರ ಕೃಪೆಯಿಂದ ಬಂದ ಮೂರನೆಯ ಹೆಸರು. ಗುಟ್ಟು ಗುಟ್ಟಾಗಿಯೇ ಉಳಿಯಬೇಕಾಗಿತ್ತು. ಬೇರೆ ಯಾವ ಹೆಣ್ಣಿಗೂ ಇದರಿಂದ ಸೈನ್ಯದ ಬಾಗಿಲು ತೆರೆಯಲಿಲ್ಲ. ಇದು ನನ್ನನ್ನು ನೋಯಿಸುತ್ತದೆ. ಆದರೂ ಆಕೆ ಬೇಡಿದ್ದು ಆಕೆಗೆ ಸಿಕ್ಕಿತೆಂಬುದನ್ನು ನಾನು ಕಡೆಗಣಿಸಲಾರೆ.

ಮುಂದಿನ ಸೇವೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೇಲಧಿಕಾರಿಯೊಬ್ಬರ ಮಗಳು ತನ್ನನ್ನು ಪ್ರೀತಿಸತೊಡಗಿದ್ದರಿಂದ ಹುಸಾರ್ ದಳ ಬಿಟ್ಟು ಲಿಥುವೇನಿಯನ್ ಊಲಾನ್ ದಳಕ್ಕೆ ಹೋದೆ ಎಂದು ಆಕೆ ಬರೆದಿದ್ದಾಳೆ. ಅದು 1811ರ ಮಾತು. 1812ರಲ್ಲಿ ಬೊರೊದಿನೊ ಕದನದಲ್ಲಿ ಫಿರಂಗಿ ಗುಂಡು ಸವರಿ ಕಾಲಿಗೆ ಪೆಟ್ಟಾಯಿತು. ಕೆಲಕಾಲ ಸೇನಾಪತಿ ಕುತುಜೊವ್‌ನ ಬಳಿ ಕೆಲಸ ಮಾಡಿದಳು. ಸೈನ್ಯದಲ್ಲಿ ಹೆಂಗಸೊಬ್ಬಳಿದ್ದಾಳೆಂಬ ಗುಸುಗುಸು ಆಗ ಎಲ್ಲೆಡೆ ಹಬ್ಬಿತ್ತು. 1816ರಲ್ಲಿ ವೃದ್ಧ ತಂದೆಯ ಕೋರಿಕೆಯಂತೆ, ಪಿಂಚಣಿ ಪಡೆದು, ಅಶ್ವದಳದ ಸ್ಟಾಫ್ ಕ್ಯಾಪ್ಟನ್ ದರ್ಜೆಯಲ್ಲಿ ನಿವೃತ್ತಳಾಗಿ ಮನೆಗೆ ಮರಳಿದಳು. ಮನೆಗೆ ಹೋಗುವುದನ್ನೇ ಸಾವೆಂದು ಅತ್ತವಳು ಈಗ ತಾನೇ ಹೋದಳು, ಗಂಡಸರ ಉಡುಪಿನಲ್ಲಿ, ಅಲೆಕ್ಸಾಂಡ್ರೊವ್ ಆಗಿ.

ಒಂದು ಸಂಗತಿಯನ್ನು ಮರೆಮಾಚಿದರೆ ನಾನು ಆಕೆಯನ್ನು ಬೊಂಬೆಯಾಗಿಸಿದಂತಾಗುತ್ತದೆ. ಓಡಿಹೋಗುವಾಗ ಆಕೆ ಕನ್ಯೆಯಾಗಿರಲಿಲ್ಲ. 1801ರಲ್ಲಿ ಚೆರ್ನೊವ್ ಎಂಬ ಸರಕಾರಿ ಅಧಿಕಾರಿಯೊಂದಿಗೆ ಮದುವೆಯಾಗಿ, 1803ರಲ್ಲಿ ಇವಾನ್ ಎಂಬ ಮಗ ಹುಟ್ಟಿದ್ದ. ಆತ್ಮಕಥನದಲ್ಲಿ ಗಂಡನೂ ಇಲ್ಲ, ಮಗನೂ ಇಲ್ಲ. ಅವರಿಗೆ ಜಾಗವಿಲ್ಲದಂತೆ ತನ್ನ ವಯಸ್ಸನ್ನೇ ಕಡಿಮೆ ಮಾಡಿ ಬರೆದಿದ್ದಾಳೆ. ಆ ಮಗನ ದೃಷ್ಟಿಯಿಂದ ನೋಡಿದರೆ ಅರಮನೆಯ ಗೌರವಕ್ಕೆ ಬೇರೆಯೇ ಬಣ್ಣ ಬರುತ್ತದೆ. ಈ ಭಾಗಕ್ಕೆ ಸಮಾಧಾನ ಹುಡುಕುವ ಮನಸ್ಸು ನನಗಿಲ್ಲ, ನಿನ್ನ ನಾಟಕದಲ್ಲಿಯೂ ಹುಡುಕಬೇಡ.

ಜನರೆದುರು ಆಕೆಯ ಹೆಸರು ಬಯಲಾದದ್ದು ಆಸ್ಥಾನದಲ್ಲಿ ಅಲ್ಲ, ಅಚ್ಚಿನಲ್ಲಿ. 1836ರಲ್ಲಿ ಕವಿ ಪುಷ್ಕಿನ್ ತನ್ನ ಪತ್ರಿಕೆಯಲ್ಲಿ ಆಕೆಯ ನೆನಪುಗಳ ಒಂದು ಭಾಗವನ್ನು ಮೆಚ್ಚುಗೆಯ ಮುನ್ನುಡಿಯೊಂದಿಗೆ ಪ್ರಕಟಿಸುವಾಗ, ಲೇಖಕಿ ನದೆಜ್ದಾ ದುರೊವಾ ಎಂದು ತಿಳಿಸಿಬಿಟ್ಟ. ಆ ಹೆಸರನ್ನು ನೋಡಿ ಆಕೆ ನೊಂದು, ಇದನ್ನು ಸರಿಪಡಿಸಲು ದಾರಿಯಿಲ್ಲವೇ ಎಂದು ಆತನಿಗೆ ಪತ್ರ ಬರೆದಳು. ನಾವು ಗುರುತನ್ನು ಮರಳಿ ಕೊಡುವುದು ಎಂದು ಸಂತೋಷದಿಂದ ಹೇಳುವುದನ್ನು ಆಕೆ ಕಸಿದುಕೊಂಡದ್ದು ಎಂದು ಭಾವಿಸಿದಳು. 1866ರಲ್ಲಿ ಯೆಲಾಬುಗಾ ಊರಿನಲ್ಲಿ ಸಾಯುವವರೆಗೂ ಆಕೆ ಅಲೆಕ್ಸಾಂಡ್ರೊವ್ ಆಗಿಯೇ ಬಾಳಿದಳು. ಮಿಲಿಟರಿ ಮರ್ಯಾದೆಯೊಂದಿಗೆ ಮಣ್ಣಾದಳು.

ಈಗ ನಿನ್ನ ಕೊನೆಯ ದೃಶ್ಯಕ್ಕೆ ಬರುತ್ತೇನೆ. ಶಿರಸ್ತ್ರಾಣ ಬೇಕಿದ್ದರೆ ಇರಲಿ, ಜಡೆಯೂ ಇರಲಿ. ಆದರೆ ರಾಜನು ಪಲ್ಲಕ್ಕಿಯನ್ನು ತರಿಸಿದ ಮೇಲೆ ಅವಳಿಗೆ ಮಾತಾಡಲು ಅವಕಾಶ ಮಾಡಿಕೊಡು. ಅವಳು ಒಪ್ಪಿ ಹತ್ತಬಹುದು, ಆಗಲೂ ಆ ಒಪ್ಪಿಗೆ ಅವಳ ಬಾಯಿಂದಲೇ ಬರಲಿ. ಅವಳು ಬೇಡವೆಂದರೆ ರಾಜನು ಏನು ಮಾಡುತ್ತಾನೆ, ಯಾವ ಹೆಸರಿನಿಂದ ಕರೆಯುತ್ತಾನೆ, ಯಾವ ಷರತ್ತು ಹಾಕುತ್ತಾನೆ ಎಂಬುದನ್ನು ಬರೆದು ನೋಡು. ಈಗ ಎರಡು ಪುಟದಲ್ಲಿ ಮುಗಿಯುವ ಆ ದೃಶ್ಯ ಎಂಟು ಪುಟಕ್ಕೆ ಬೆಳೆದರೂ ಚಿಂತೆಯಿಲ್ಲ. ಎರಡನೆಯ ಅಂಕದ ಬೇಟೆಯ ಪ್ರಸಂಗವನ್ನು ತೆಗೆದುಹಾಕಿದರೆ ಹೊತ್ತು ಸರಿಹೋಗುತ್ತದೆ. ತಿದ್ದಿದ ಪ್ರತಿಯನ್ನು ತಾಲೀಮು ಶುರುವಾಗುವ ಮುನ್ನವೇ ಕಳುಹಿಸು.

ಪ್ರೀತಿಯಿಂದ,
ನಿನ್ನ ಗೆಳೆಯ