ಲಾಯ್ಟನ್ ಯುದ್ಧವನ್ನೇ ಆಡಲಾಗದ ನಿಯಮ ಪುಸ್ತಕ: ಹಣ ವಾಪಸ್ ಕೋರಿ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: 18ನೇ ಶತಮಾನದ ಯುರೋಪಿನ ಯುದ್ಧಗಳ ಟೇಬಲ್‌ಟಾಪ್ ವಾರ್‌ಗೇಮ್ (ಟೇಬಲ್ ಮೇಲೆ ಗೊಂಬೆ ಸೈನ್ಯ ಇಟ್ಟು ಆಡುವ ಯುದ್ಧದ ಆಟ) ನಿಯಮ ಪುಸ್ತಕದ ಬಗ್ಗೆ ದೂರು

ಮಾನ್ಯರೇ,

ಹೋದ ತಿಂಗಳು 2,400 ರೂಪಾಯಿ ಕೊಟ್ಟು ನಿಮ್ಮ ನಿಯಮ ಪುಸ್ತಕ ತರಿಸಿಕೊಂಡೆ. 1740ರಿಂದ 1763ರವರೆಗಿನ ಯುದ್ಧಗಳಿಗೆಂದೇ ಬರೆದದ್ದು ಎಂದು ಮುಖಪುಟದಲ್ಲಿ ದೊಡ್ಡದಾಗಿ ಹಾಕಿದ್ದೀರಿ. ಒಳಗಿರುವುದು ನೆಪೋಲಿಯನ್ ಕಾಲದ ನಿಯಮಗಳು. ಸೈನ್ಯಗಳ ಹೆಸರು ಮಾತ್ರ ಬದಲಾಗಿದೆ. ಮೂರು ಭಾನುವಾರ ಕೂತು ಆಡಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನು ಮತ್ತು ನನ್ನ ಗೆಳೆಯ 6 ಮಿ.ಮೀ. ಗೊಂಬೆಗಳಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾದ ಸೈನ್ಯ ಕಟ್ಟಿದ್ದೇವೆ. ಬಣ್ಣ ಹಚ್ಚುವುದಕ್ಕೇ ಒಂದೂವರೆ ವರ್ಷ ಹಿಡಿಯಿತು. ಅಷ್ಟೂ ಕೆಲಸ ಮಾಡಿದ್ದು ಈ ಎರಡು ಸೈನ್ಯಗಳ ನಡುವಿನ ಒಂದೇ ಯುದ್ಧಕ್ಕಾಗಿ, 1757ರ ಡಿಸೆಂಬರ್ 5ರ ಲಾಯ್ಟನ್. ನಿಮ್ಮ ಪುಸ್ತಕದಲ್ಲಿ ಅದರ ನಕ್ಷೆ ಇದೆ ಅಂತ ತಿಳಿದೇ ಕೊಂಡದ್ದು.

ಆ ದಿನ ಪ್ರಷ್ಯಾದ ರಾಜ ಎರಡನೇ ಫ್ರೆಡ್ರಿಕ್‌ನ ಹತ್ತಿರ ಇದ್ದದ್ದು ಎದುರಾಳಿಯ ಹೆಚ್ಚುಕಡಿಮೆ ಅರ್ಧದಷ್ಟು ಜನ. ಆಸ್ಟ್ರಿಯಾದ ಬಲ ತುದಿಯ ಮೇಲೆ ಬೀಳುವವನ ಹಾಗೆ ಮುಂದೆ ಬಂದ. ಅಲ್ಲಿದ್ದ ಆಸ್ಟ್ರಿಯಾದ ಸೇನಾಪತಿ ಲುಕೇಸಿ ಗಾಬರಿಯಾಗಿ ಸಹಾಯ ಕೇಳಿದ, ಮೀಸಲು ಪಡೆ ಆ ಕಡೆ ಹೋಯಿತು. ಅಷ್ಟರಲ್ಲಿ ಪ್ರಷ್ಯಾದ ಸೈನ್ಯ ಸಣ್ಣ ಗುಡ್ಡಗಳ ಮರೆಯಲ್ಲಿ ದಕ್ಷಿಣಕ್ಕೆ ನಡೆದು ಆಸ್ಟ್ರಿಯಾದ ಎಡ ತುದಿಗೆ ನುಗ್ಗಿತು. ಪಶ್ಚಿಮಕ್ಕೆ ಮುಖ ಮಾಡಿ ಏಳೆಂಟು ಕಿ.ಮೀ. ಉದ್ದಕ್ಕೆ ನಿಂತಿದ್ದ ಸಾಲನ್ನು ಆಸ್ಟ್ರಿಯಾದವರು ಆಗ ದಕ್ಷಿಣಕ್ಕೆ ತಿರುಗಿಸಬೇಕಾಯಿತು. ಹೊತ್ತು ಸಾಲಲಿಲ್ಲ. ಲಾಯ್ಟನ್ ಹಳ್ಳಿಯ ಸುತ್ತ ಒಬ್ಬರ ಹಿಂದೆ ಒಬ್ಬರು ಒತ್ತಿಕೊಂಡು ನಿಂತರು. ಪ್ರಷ್ಯಾದ ಭಾರಿ ಫಿರಂಗಿಗಳಿಗೆ ಸಿಕ್ಕರು.

ಆ ಕಾಲದ ಯುದ್ಧದ ಜೀವ ಇರುವುದೇ ಇಲ್ಲಿ. ಭುಜಕ್ಕೆ ಭುಜ ತಾಗಿಸಿ, ಸಾಲುಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು ನಿಂತ ಬೆಟಾಲಿಯನ್‌ಗೆ (ನೂರಾರು ಕಾಲಾಳುಗಳ ತುಕಡಿಗೆ) ಸುಮ್ನೆ ತಿರುಗಲಾಗುವುದಿಲ್ಲ. ಒಂದು ತುದಿಯವರು ನಿಂತಲ್ಲೇ ಹೆಜ್ಜೆ ಹಾಕಬೇಕು, ಇನ್ನೊಂದು ತುದಿಯವರು ದೊಡ್ಡ ಸುತ್ತು ನಡೆದು ಬರಬೇಕು. ಪಕ್ಕದ ಬೆಟಾಲಿಯನ್ ಜೊತೆಗಿನ ಅಂತರ ಕೆಡಬಾರದು. ಹಾಗೆ ನಡೆಯುವುದನ್ನು ಪ್ರಷ್ಯಾದವರು ವರ್ಷಗಟ್ಟಲೆ ಕವಾಯತು ಮಾಡಿ ಕಲಿತಿದ್ದರು.

ನಿಮ್ಮ ಪುಸ್ತಕದಲ್ಲಿ ಯಾವ ಬೆಟಾಲಿಯನ್ ಬೇಕಾದರೂ ತನ್ನ ಸರದಿಯಲ್ಲಿ ಯಾವ ದಿಕ್ಕಿಗಾದರೂ ತಿರುಗಬಹುದು, ಅದಕ್ಕೆ ಏನೂ ಖರ್ಚಿಲ್ಲ. ನಾನು ಗುಡ್ಡದ ಹಿಂದಿನಿಂದ ಹೊರಗೆ ಬಂದೆ. ನನ್ನ ಗೆಳೆಯ ಮುಂದಿನ ಸರದಿಯಲ್ಲೇ ಇಡೀ ಸಾಲನ್ನು ನನ್ನ ಕಡೆ ತಿರುಗಿಸಿದ. ಅವನು ಮೋಸ ಮಾಡಲಿಲ್ಲ, ನಿಯಮದ ಪ್ರಕಾರವೇ ಆಡಿದ. ಮೂರು ಸಲವೂ ಹೀಗೇ ಆಯಿತು. ಅಲ್ಲಿಗೆ ಲಾಯ್ಟನ್ ಮುಗಿಯಿತು, ಅಲ್ವಾ?

ಅಳತೆಯೂ ತಪ್ಪಿದೆ. ಒಂದು ಇಂಚಿಗೆ 50 ಮೀಟರ್ ಎಂದಿದ್ದೀರಿ. ಆರು ಅಡಿ ಟೇಬಲ್ ಸಾಕು ಎಂದೂ ಬರೆದಿದ್ದೀರಿ. 72 ಇಂಚಿಗೆ 3,600 ಮೀಟರ್ ಆಗುತ್ತದೆ. ಆಸ್ಟ್ರಿಯಾದ ಸಾಲು ಅರ್ಧಕ್ಕೇ ಟೇಬಲ್‌ನಿಂದ ಕೆಳಗೆ ಬೀಳುತ್ತದೆ.

ಇನ್ನು ಕುದುರೆ ಪಡೆ. ನಾಲ್ಕೂ ಕಡೆಗೆ ಮುಖ ಮಾಡಿ ಚೌಕ ಕಟ್ಟದೆ ಸಾಲಿನಲ್ಲಿ ನಿಂತ ಕಾಲಾಳು ಕುದುರೆ ದಾಳಿಗೆ ಸೋಲಲೇಬೇಕು ಎಂಬುದು ನಿಮ್ಮ ನಿಯಮ. 1759ರ ಆಗಸ್ಟ್ 1ರಂದು ಮಿಂಡನ್‌ನಲ್ಲಿ ಬ್ರಿಟಿಷ್ ಮತ್ತು ಹ್ಯಾನೋವರ್‌ನ ಕಾಲಾಳುಗಳು ಸಾಲಿನಲ್ಲೇ ನಿಂತು ಫ್ರಾನ್ಸಿನ ಕುದುರೆ ಪಡೆಯನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದರು. ಆ ಯುದ್ಧದ ನಕ್ಷೆಯೂ ನಿಮ್ಮ ಪುಸ್ತಕದಲ್ಲೇ ಇದೆ! ಪ್ರಷ್ಯಾದ ಸವಾರರಿಗೆ ಇಡೀ ಕಾಲಕ್ಕೂ ಒಂದೇ ಅಂಕ ಕೊಟ್ಟಿದ್ದೀರಿ. 1741ರಲ್ಲಿ ಮೋಲ್ವಿಟ್ಸ್‌ನಲ್ಲಿ ಅವರು ಚದುರಿ ಓಡಿದರು. ರಾಜನೇ ರಣರಂಗ ಬಿಟ್ಟು ಹೋದ, ಯುದ್ಧ ಗೆದ್ದುಕೊಟ್ಟದ್ದು ಸೇನಾಪತಿ ಶ್ವೆರಿನ್ ಮತ್ತು ಕಾಲಾಳುಗಳು. 1757ರ ರಾಸ್‌ಬಾಖ್ ಯುದ್ಧದ ಹೊತ್ತಿಗೆ ಸೇನಾಪತಿ ಸೈಡ್ಲಿಟ್ಸ್‌ನ ಕೈಯಲ್ಲಿ ಅದೇ ಕುದುರೆ ಪಡೆ ಯುದ್ಧವನ್ನೇ ಗೆದ್ದಿತು. ಎರಡಕ್ಕೂ ಒಂದೇ ಅಂಕ ಹೇಗೆ ಸರಿ? ಬಂದೂಕಿಗೆ ಗುಂಡು ತುರುಕಲು ಪ್ರಷ್ಯಾದವರು ಬಳಸುತ್ತಿದ್ದ ಕಬ್ಬಿಣದ ಕಡ್ಡಿ, ಅದರಿಂದ ಬಂದ ವೇಗದ ಗುಂಡಿನ ದಾಳಿ, ಇವುಗಳ ಬಗ್ಗೆ ಒಂದು ಸಾಲೂ ಇಲ್ಲ.

ನನ್ನ ಪ್ರತಿಯಲ್ಲಿ 33ರಿಂದ 40ರವರೆಗಿನ ಪುಟಗಳು ಎರಡು ಸಲ ಬಂದಿವೆ. 41ರಿಂದ 48 ಇಲ್ಲವೇ ಇಲ್ಲ. ಫಿರಂಗಿಯ ಕೋಷ್ಟಕ ಅಲ್ಲೇ ಇರಬೇಕಿತ್ತು.

ಫೋನ್ ಮಾಡಿದಾಗ ನಿಮ್ಮವರು, ಬೇಕಾದರೆ ಮನೆ ನಿಯಮ ಮಾಡಿಕೊಳ್ಳಿ ಸರ್ ಎಂದರು. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಎಲ್ಲವನ್ನೂ ನಾವೇ ಬರೆದುಕೊಳ್ಳುವುದಾದರೆ ದುಡ್ಡು ಕೊಟ್ಟಿದ್ದು ಯಾವುದಕ್ಕೆ?

ನನ್ನ ಪೂರ್ತಿ ಹಣ ಮತ್ತು ಕೊರಿಯರ್ ಖರ್ಚು ವಾಪಸ್ ಕೊಡಿ. ಮುಖಪುಟದ ಮಾತನ್ನು ಬದಲಿಸಿ. ಈಗಾಗಲೇ ಕೊಂಡವರಿಗೆ ತಿದ್ದುಪಡಿ ಹಾಳೆ ಕಳಿಸಿ. ಅದರಲ್ಲಿ ದಿಕ್ಕು ಬದಲಿಸುವುದಕ್ಕೆ ಕನಿಷ್ಠ ಒಂದು ಪೂರ್ತಿ ಸರದಿ ಹಿಡಿಯಲಿ, ಕವಾಯತು ಚೆನ್ನಾಗಿ ಕಲಿತವರಿಗೆ ಮಾತ್ರ ಅರ್ಧ ಸರದಿ ಸಾಕಾಗಲಿ. ಪಕ್ಕದ ಬೆಟಾಲಿಯನ್ ಇನ್ನೂ ತಿರುಗದಿದ್ದರೆ ಸಾಲು ಗೊಂದಲಕ್ಕೆ ಬೀಳಲಿ. ಇಷ್ಟು ಮಾಡಿದರೆ ಲಾಯ್ಟನ್ ಮತ್ತೆ ಆಡಲು ಬರುತ್ತದೆ. ನಾವು ಪರೀಕ್ಷಿಸಿ ನೋಡಿದ್ದೇವೆ. ಆ ಆಟಗಳ ಟಿಪ್ಪಣಿಗಳನ್ನು ಪತ್ರದ ಜೊತೆ ಇಟ್ಟಿದ್ದೇನೆ.

15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಪುಸ್ತಕ, ಬಿಲ್ಲು ಎರಡೂ ನನ್ನ ಹತ್ತಿರ ಇವೆ. ಕೊರಿಯರ್‌ನವರನ್ನು ಯಾವ ದಿನ ಕಳಿಸುತ್ತೀರಿ ಎಂದು ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ
ಬೆಂಗಳೂರು