ಖೋ ಕೊಡುವ ಮೊದಲೇ ಎದ್ದವರಿಗೆ

2025ರ ಮೇ 2ಕ್ಕೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಅವತ್ತಿಂದ ಫೋನ್ ಮೇಲೆ ಫೋನ್. 'ನಿಮ್ಮ ಶಾಲೆದು ಎಷ್ಟು ಪರ್ಸೆಂಟ್ ಸಾರ್?' ಅಂತ ಎಲ್ಲರೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ ಬಿಡಿ. 2023ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ಇಡೀ ರಾಜ್ಯಕ್ಕೇ ಫಸ್ಟ್ ಬಂದಿತ್ತು. ಮುಂದಿನ ವರ್ಷವೇ ಜಾರಿತು. ಒಂದು ಸಲ ಅಟ್ಟ ಹತ್ತಿದವರಿಗೆ ಇಳಿಯುವ ಸಂಕಟ ಜಾಸ್ತಿ. ಆದರೆ ನಾನು ಪಿ.ಇ. ಮೇಷ್ಟ್ರು. ಪರ್ಸೆಂಟಿನ ಲೆಕ್ಕ ಎಚ್ಚೆಂ ಸಾಹೇಬರ ಹತ್ತಿರ ಇದೆ, ಅವರನ್ನೇ ಕೇಳಿ. ನನ್ನ ಹತ್ತಿರ ಇರುವುದು ಸಾಲದ ಲೆಕ್ಕ. ಹತ್ತು ತಿಂಗಳಿಂದ ಹಾಗೇ ಉಳಿದಿದೆ. ಈ ಬ್ಯಾಚು ಟಿ.ಸಿ. ತಗೊಂಡು ಹೋಗುವ ಮೊದಲು ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡು ಬಿಡೋಣ ಅಂತ ಕೂತಿದ್ದೇನೆ.

ಮಕ್ಕಳ ಹೆಸರು ಬರೆಯುವುದಿಲ್ಲ. 'ಹೆಸರು ಹಾಕಬ್ಯಾಡ್ರಿ ಸಾರ್, ಕಾಲೇಜಲ್ಲಿ ರೇಗಿಸ್ತಾರೆ' ಅಂದಿದ್ದಾರೆ. ಅವರವರಿಗೆ ಗೊತ್ತಾದರೆ ಸಾಕು.

ಹೋದ ವರ್ಷ ಜೂನ್ ಕೊನೆಯಲ್ಲಿ ದುರ್ಗದಿಂದ ಬೈಕಿನಲ್ಲಿ ಶಾಲೆಗೆ ಹೊರಟಿದ್ದೆ. ಸಣ್ಣಗೆ ಜಿನುಗುತ್ತಿತ್ತು. ನಾಯಿ ಅಡ್ಡ ಬಂತು. ನಾಯಿಗೆ ಏನೂ ಆಗಲಿಲ್ಲ. ನನ್ನ ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿಯಿತು. ಒಳಗೆ ರಾಡ್ ಹಾಕಿದರು. ಮೂರು ತಿಂಗಳು ಕಾಲು ಊರಬೇಡಿ ಅಂದರು. ಇಪ್ಪತ್ತಾರು ವರ್ಷ ಮಕ್ಕಳನ್ನು ಓಡಿಸಿದವನು ಬಚ್ಚಲಿಗೆ ಹೋಗಲು ಹೆಂಡತಿಯ ಭುಜ ಹಿಡಿಯಬೇಕಾಯಿತು. ಆ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹಳ ಸಿಡುಕಿದೆ, ಮನೆಯವರ ಮೇಲೆ ರೇಗಾಡಿದೆ. ಅಷ್ಟೇ.

ಹೈಸ್ಕೂಲಿನ ಪಿ.ಇ. ಮೇಷ್ಟ್ರಿಗೆ ಮಳೆಗಾಲದ ಆ ಮೂರು ತಿಂಗಳೇ ಸುಗ್ಗಿ. ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಒಂದರ ಹಿಂದೆ ಒಂದು ಕ್ರೀಡಾಕೂಟ. ನಮ್ಮ ಹುಡುಗಿಯರ ಖೋ-ಖೋ ತಂಡದ ಮೇಲೆ ಎರಡು ವರ್ಷದಿಂದ ಕಣ್ಣಿಟ್ಟಿದ್ದೆ. ಎಂಟನೇ ಕ್ಲಾಸಿನಿಂದ ತಿದ್ದಿದ ತಂಡ ಅದು. ಈಗ ನೋಡಿದರೆ ನಾನು ಮಂಚದ ಮೇಲೆ. ಈ ವರ್ಷ ತಂಡ ಕಳಿಸುವುದು ಬೇಡ ಅಂತ ಎಚ್ಚೆಂ ಸಾಹೇಬರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು 'ಆಯ್ತು, ಮಕ್ಕಳಿಗೆ ಹೇಳ್ತೀನಿ' ಅಂದರು. ಹೇಳಿದರಂತೆ. ಮಕ್ಕಳು ಕೇಳಿಸಿಕೊಂಡರಂತೆ. ಸಂಜೆ ನಾಲ್ಕೂವರೆಗೆ ಎಂದಿನ ಹಾಗೆ ಮೈದಾನಕ್ಕೆ ಇಳಿದರಂತೆ.

ಖೋ-ಖೋ ಆಡದವರಿಗೆ ಒಂದು ಮಾತು ಹೇಳಬೇಕು. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಅಟ್ಟಿಸಿಕೊಂಡು ಹೋಗುವವಳು ಹಿಂದಿನಿಂದ ಬೆನ್ನು ಮುಟ್ಟಿ 'ಖೋ' ಅನ್ನಬೇಕು. ಆಮೇಲೆ ಕೂತವಳು ಏಳಬೇಕು. ಅದಕ್ಕೆ ಮೊದಲೇ ಎದ್ದರೆ ಫೌಲ್. ಎಷ್ಟೇ ಚುರುಕಿನ ಹುಡುಗಿಯಾದರೂ ತಡೆದುಕೊಂಡು ಕೂತಿರಬೇಕು. ಇಪ್ಪತ್ತಾರು ವರ್ಷದಿಂದ ನಾನು ಗಂಟಲು ಹರಿಯುವ ಹಾಗೆ ಕೂಗಿದ್ದು ಇದೊಂದೇ ಮಾತು: 'ಖೋ ಬರೋ ತನಕ ಏಳಬೇಡ್ರೇ!'

ಈ ಬ್ಯಾಚಿನವರು ನನ್ನ ಮಾತು ಮೀರಿದರು. ಅವರಿಗೆ ಯಾರೂ ಖೋ ಕೊಡಲಿಲ್ಲ. ತಾವೇ ಎದ್ದರು.

ಮೊದಲು ನಮ್ಮ ಕ್ರೀಡಾ ಮಂತ್ರಿಯ ವಿಷಯ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಆ ಹುಡುಗ ಕ್ರೀಡಾ ಮಂತ್ರಿ ಆದಾಗ ಸ್ಟಾಫ್ ರೂಮಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ. ಅವನಿಗೆ ಉಬ್ಬಸ. ಮೈದಾನಕ್ಕೆ ಅರ್ಧ ಸುತ್ತು ಹಾಕಿದರೆ ಎದೆ ಸುಯ್ಯುಗುಟ್ಟುತ್ತದೆ. ಮೂರು ವರ್ಷ ಆಟದ ಪೀರಿಯಡ್ಡಿನಲ್ಲಿ ಹೊಂಗೆ ಮರದ ಕೆಳಗೆ ಕೂತು ಬೇರೆಯವರ ಚಪ್ಪಲಿ ಕಾಯ್ದವನು. ನಾನು ಮಲಗಿದ ಮೇಲೆ ಸುಣ್ಣದ ಪುಡಿಯ ಡಬ್ಬ ಅವನ ಕೈಗೆ ಹೋಯಿತು.

ಮಳೆ ಬಂದರೆ ಗೆರೆ ಅಳಿಸುತ್ತದೆ, ದಿನಾ ಹಾಕಬೇಕು. ಖೋ-ಖೋ ಅಂಕಣ ಅಂದರೆ 27 ಮೀಟರ್ ಉದ್ದ, 16 ಮೀಟರ್ ಅಗಲ. ನಾನು ಹೆಜ್ಜೆ ಹಾಕಿ, ಕಣ್ಣಳತೆಯಲ್ಲಿ ಎಳೆದು ಬಿಡುತ್ತಿದ್ದೆ. ಇವನು ತಮ್ಮ ಮನೆಯ ಎತ್ತಿನ ಗಾಡಿಯ ಹಳೇ ಹಗ್ಗ ತಂದು, ಟೇಪ್ ಹಿಡಿದು, ಬೇಕಾದಲ್ಲೆಲ್ಲ ಗಂಟು ಹಾಕಿದ. ಮೂಲೆ ಸೊಟ್ಟ ಆಗದಿರಲಿ ಅಂತ ಮೂರು, ನಾಲ್ಕು, ಐದರ ಲೆಕ್ಕದಲ್ಲಿ ಮೂಲೆ ಹಿಡಿದ. ಅಷ್ಟಕ್ಕೂ ಸಮಾಧಾನ ಇಲ್ಲ. ಒಂದು ಸಂಜೆ ನನಗೆ ಫೋನ್ ಮಾಡಿದ.

'ಸಾರ್, ಮೂಲೆಯಿಂದ ಮೂಲೆಗೆ 31 ಮೀಟರ್ 38 ಸೆಂಟಿಮೀಟರ್ ಬರಬೇಕು. ನಮ್ಮದು ಒಂದು ಗೇಣು ಕಮ್ಮಿ ಬರ್ತಿದೆ.'

'ಯಾರೋ ಹೇಳಿದ್ದು?'

'ಪೈಥಾಗೊರಸ್ ಸಾರ್.'

ಇಷ್ಟು ವರ್ಷ ನಾನು ಮಕ್ಕಳನ್ನು ಓಡಿಸಿದ್ದು ಸೊಟ್ಟ ಅಂಕಣದಲ್ಲಿ ಅಂತ ಆವತ್ತು ತಿಳಿಯಿತು. ಆ ಹುಡುಗ ಒಂದು ದಿನವೂ ಆಡಲಿಲ್ಲ. ಅವನಿಗೆ ಸರ್ಟಿಫಿಕೇಟ್ ಇಲ್ಲ, ಮೆಡಲ್ ಇಲ್ಲ. ಅದಕ್ಕೇ ಮೊದಲ ಥ್ಯಾಂಕ್ಸ್ ಅವನಿಗೆ. ನಕ್ಕಿದ್ದಕ್ಕೆ ಕ್ಷಮೆಯನ್ನೂ ಸೇರಿಸಿಕೋ ಮಾರಾಯ.

ಇನ್ನು ಕ್ಯಾಪ್ಟನ್. ಮಾತು ಒರಟು, ಕೈ ಇನ್ನೂ ಒರಟು. ಮನೆಯಲ್ಲಿ ಎರಡು ಎಕರೆ ಈರುಳ್ಳಿ. ಸೆಪ್ಟೆಂಬರಿನಲ್ಲಿ ಕೀಳುವ ಕೆಲಸ ಶುರುವಾದರೆ ಅವಳು ಬೆಳಿಗ್ಗೆ ಐದಕ್ಕೆ ಹೊಲದಲ್ಲಿ, ಒಂಬತ್ತೂವರೆಗೆ ಪ್ರಾರ್ಥನೆಯಲ್ಲಿ, ಸಂಜೆ ಮೈದಾನದಲ್ಲಿ. ಅವಳು ಹತ್ತಿರ ಬಂದರೆ ಈರುಳ್ಳಿ ವಾಸನೆ ಬರುತ್ತದೆ ಅಂತ ಎದುರು ಶಾಲೆಯ ಹುಡುಗಿಯರು ಒಮ್ಮೆ ಮೂಗು ಮುಚ್ಚಿಕೊಂಡಿದ್ದರು. ಅವಳು ಸುಮ್ಮನಿದ್ದಳು. ಆ ಆಟದಲ್ಲಿ ಏಳು ಜನರನ್ನು ಅವಳೊಬ್ಬಳೇ ಔಟ್ ಮಾಡಿದಳು. ವಾಪಸ್ ಬರುವಾಗ ಟೆಂಪೋದಲ್ಲಿ ಹೇಳಿದ್ದು ಒಂದೇ ಮಾತು: 'ಈಗ ವಾಸನೆ ಹೋತೇನೋ!'

ಆಗಸ್ಟಿನಲ್ಲಿ ತಾಲ್ಲೂಕು ಮಟ್ಟದ ಆಟ. ಜೊತೆಗೆ ಹೋದವರು ನಮ್ಮ ಹಿಂದಿ ಮೇಡಂ. ಖೋ-ಖೋ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ, ಆದರೆ ಮಕ್ಕಳು ಉಪವಾಸ ಇರಬಾರದು ಅನ್ನುವುದು ಚೆನ್ನಾಗಿ ಗೊತ್ತು. ಫೈನಲ್ ಶುರುವಾಗುವಾಗ ಕ್ರೀಡಾ ಮಂತ್ರಿ ವಿಡಿಯೋ ಕಾಲ್ ಮಾಡಿದ.

'ಸಾರ್, ಕಾಣ್ತಾ ಇದೆಯಾ?'

'ಆಕಾಶ ಕಾಣ್ತಾ ಇದೆ ಕಣೋ.'

'ಈಗ?'

'ಯಾರದೋ ಕಾಲು.'

ಅರ್ಧ ಆಟ ಹೀಗೇ ಹೋಯಿತು. ಒಮ್ಮೆ ಕಂಬ, ಒಮ್ಮೆ ಮೇಡಂ ಸೆರಗು, ಒಮ್ಮೆ ಬರೀ ಧೂಳು. ನೆಟ್‌ವರ್ಕ್ ಹೋಗಿ ಚಿತ್ರ ನಿಂತು ಬಿಟ್ಟಾಗ ದನಿ ಮಾತ್ರ ಬರುತ್ತಿತ್ತು. ಖೋ, ಖೋ, ಖೋ. ನನಗೆ ಅಷ್ಟು ಸಾಕಿತ್ತು. ಯಾರು ಯಾರಿಗೆ ಕೊಡುತ್ತಿದ್ದಾರೆ ಅಂತ ದನಿಯಲ್ಲೇ ತಿಳಿಯುತ್ತಿತ್ತು. ಕೊನೆಯ ಸೀಟಿ ಊದಿದ ಮೇಲೆ ಫೋನ್ ಎಲ್ಲೋ ಬಿತ್ತು. ಕಿರುಚಾಟ ಕೇಳಿ ಗೆದ್ದರು ಅಂತ ಗೊತ್ತಾಯಿತು. ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು, ನಾನು ಬಿದ್ದೆ ಅಂದುಕೊಂಡು.

ಜಿಲ್ಲಾ ಮಟ್ಟದ ಆಟ ದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ. ಅಷ್ಟು ಹೊತ್ತಿಗೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದೆ. ಆಟೋದಲ್ಲಿ ಹೋದೆ. ಸೆಮಿಫೈನಲ್ಲಿನಲ್ಲಿ ಒಂದು ಪಾಯಿಂಟಿನಿಂದ ಸೋತೆವು. ಹೇಗೆ ಸೋತೆವು ಅಂತ ಹೇಳಲೇಬೇಕು. ಕೊನೆಯ ನಿಮಿಷ. ಎದುರಿನ ಓಟಗಾರ್ತಿ ಕೈಗೆ ಸಿಕ್ಕೇ ಬಿಟ್ಟಳು. ಆದರೆ ನಮ್ಮ ಹುಡುಗಿ ಖೋ ಬೀಳುವ ಮೊದಲೇ ಎದ್ದಿದ್ದಳು. ಅಂಪೈರ್ ಸೀಟಿ ಊದಿದರು. ಫೌಲಿನಲ್ಲಿ ಮುಟ್ಟಿದ್ದು ಔಟ್ ಅಲ್ಲ. ಅಂಪೈರ್ ಮಾಡಿದ್ದು ಸರಿ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಆ ಹುಡುಗಿ ನನ್ನ ಮುಂದೆ ಬಂದು ತಲೆ ತಗ್ಗಿಸಿ ನಿಂತಳು, ಬೈಗುಳಕ್ಕೆ ತಯಾರಾಗಿ. ಅವಳ ಮೊಣಕಾಲಿಗೆ ಮಣ್ಣು ಮೆತ್ತಿ ರಕ್ತ ಜಿನುಗುತ್ತಿತ್ತು. ಬೈಯಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಮೂರು ತಿಂಗಳಿಂದ ಈ ಮಕ್ಕಳು ಯಾರ ಕರೆಗೂ ಕಾಯದೆ ಎದ್ದಿದ್ದರಿಂದಲೇ ನಾವು ಅಲ್ಲಿಯವರೆಗೆ ಬಂದಿದ್ದೆವು. 'ನೀರು ಹಾಕಿ ತೊಳ್ಕೊಳಮ್ಮ' ಅಂದೆ, ಅಷ್ಟೇ. ಆಮೇಲೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದೆ. ಸೋತ ಮಕ್ಕಳು ಗೆದ್ದ ಮಕ್ಕಳಿಗಿಂತ ಜಾಸ್ತಿ ತಿನ್ನುತ್ತಾರೆ, ಇದು ನನ್ನ ಅನುಭವ.

ಜನವರಿ 19ರ ಭಾನುವಾರ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ಪಿನ ಫೈನಲ್ ನಡೆಯಿತಲ್ಲ, ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರಲ್ಲ, ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಸೋಮವಾರ ಶಾಲೆಯಲ್ಲಿ ಅದೇ ಮಾತು. ಫೌಲ್ ಮಾಡಿದ ಹುಡುಗಿ ಬಂದು ಕೇಳಿದಳು: 'ಸಾರ್, ಅವರು ಯಾವತ್ತಾದ್ರೂ ಮೊದ್ಲೇ ಎದ್ದಿರ್ತಾರಾ?' 'ಎದ್ದೇ ಎದ್ದಿರ್ತಾರೆ' ಅಂದೆ. ಅವಳಿಗೆ ಆ ಉತ್ತರ ಬೇಕಾಗಿತ್ತು.

ಇಕೋ ಕ್ಲಬ್ಬಿಗೂ ನಾನೇ ಉಸ್ತುವಾರಿ. ಕಾಗದದ ಮೇಲೆ. ಜೂನ್ 5ಕ್ಕೆ ನಲವತ್ತು ಸಸಿ ನೆಟ್ಟು, ಫೋಟೋ ತೆಗೆಸಿ, ವರದಿ ಕಳಿಸಿದ್ದೆ. ಪ್ರತಿ ವರ್ಷ ಅದೇ ಗುಂಡಿಗೆ ಹೊಸ ಸಸಿ ನೆಡುವುದು ನಮ್ಮ ಕಡೆ ಹೊಸದೇನಲ್ಲ, ಅಲ್ವಾ? ಈ ಸಲ ಕ್ಲಬ್ಬಿನಲ್ಲಿ ಒಬ್ಬಳು ಮಾತೇ ಆಡದ ಹುಡುಗಿ ಇದ್ದಳು. ಹಾಜರಿ ಕರೆದರೂ ಕೈ ಎತ್ತುವವಳು. ಬಿಸಿಯೂಟ ಆದ ಮೇಲೆ ಮಕ್ಕಳು ತಟ್ಟೆ ತೊಳೆಯುವ ನೀರು ಸುಮ್ನೆ ರಸ್ತೆಗೆ ಹರಿಯುತ್ತಿತ್ತು. ಅವಳು ಸಲಿಕೆ ತಂದು ಕಾಲುವೆ ತೋಡಿ ಆ ನೀರನ್ನು ಸಸಿಗಳ ಬುಡಕ್ಕೆ ತಿರುಗಿಸಿದಳು. ಕಾಂಪೌಂಡಿನ ಸಂದಿಯಲ್ಲಿ ಮೇಕೆ ನುಗ್ಗದ ಹಾಗೆ ಜಾಲಿ ಮುಳ್ಳು ಕಟ್ಟಿದಳು. ನಲವತ್ತರಲ್ಲಿ ಮೂವತ್ತೊಂದು ಬದುಕಿವೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಇದು ಕಮ್ಮಿ ಮಾತಲ್ಲ. ನಮ್ಮ ಜಿಲ್ಲೆಯ ವಾಣಿ ವಿಲಾಸ ಸಾಗರ ಅಣೆಕಟ್ಟು ಜನವರಿಯಲ್ಲಿ ಕೋಡಿ ಬಿದ್ದಾಗ ಗೋಡೆ ಪತ್ರಿಕೆಯಲ್ಲಿ ಅವಳು ಬರೆದದ್ದು ನಾಲ್ಕೇ ಸಾಲು: '1933ರಲ್ಲಿ ತುಂಬಿತು. 2022ರಲ್ಲಿ ತುಂಬಿತು. ಈಗ ತುಂಬಿದೆ. ನಲ್ಲಿ ನಿಲ್ಲಿಸಿ.'

ಮಿಮಿಕ್ರಿ ಹುಡುಗನನ್ನು ಬಿಟ್ಟರೆ ಅವನು ನನ್ನನ್ನು ಬಿಡುವುದಿಲ್ಲ. ಬೀಳ್ಕೊಡುಗೆ ದಿನ ಸ್ಟೇಜ್ ಹತ್ತಿ ಎಲ್ಲ ಮೇಷ್ಟ್ರುಗಳನ್ನೂ ಮಾಡಿ ತೋರಿಸಿದ. ಕೊನೆಗೆ ಸೀಟಿ ಬಾಯಿಗಿಟ್ಟು, ಬಲಗಾಲು ಎಳೆಯುತ್ತಾ, 'ಸಾವಧಾನ್! ವಿಶ್ರಾಮ್! ಏಳಬೇಡ್ರೇ!' ಅಂದ. ಇಡೀ ಶಾಲೆ ಗಪ್‌ಚಿಪ್. ಕುಂಟು ಕಾಲನ್ನು ತೋರಿಸಬಾರದಿತ್ತು ಅಂತ ಅವನಿಗೂ ಆ ಗಳಿಗೆಯಲ್ಲೇ ಹೊಳೆಯಿತು, ಒಂದೇ ಕಾಲಲ್ಲಿ ಹಾಗೇ ನಿಂತು ಬಿಟ್ಟ. ನನಗೆ ನಗು ತಡೆಯಲಿಲ್ಲ. ಕಾಲು ಮುರಿದ ಮೇಲೆ ಹೊಟ್ಟೆ ಹಿಡಿದು ನಕ್ಕಿದ್ದು ಅವತ್ತೇ. ಹೆಂಡತಿಗೆ ಹೇಳಿದರೆ, 'ಆ ಹುಡುಗನನ್ನ ಊಟಕ್ಕೆ ಕರೀರಿ' ಅಂದಳು.

ಅವನಿಗೆ ಗಣಿತ ಹೋಗಿದೆ. ಈ ವರ್ಷ ಮೂರು ಸಲ ಪರೀಕ್ಷೆ ಬರೆಯುವ ಪದ್ಧತಿ ಇರುವುದರಿಂದ ವರ್ಷ ಹಾಳಾಗುವುದಿಲ್ಲ, ಈ ತಿಂಗಳ ಕೊನೆಗೆ ಪರೀಕ್ಷೆ-2 ಇದೆ. ಬೆಳಿಗ್ಗೆ ಏಳಕ್ಕೆ ಶಾಲೆ ಮೈದಾನಕ್ಕೆ ಬರುತ್ತಿದ್ದಾನೆ. ಹೇಳಿಕೊಡುವವನು ಕ್ರೀಡಾ ಮಂತ್ರಿ. ನಿನ್ನೆ ಹೋಗಿ ನೋಡಿದೆ. ಪುಸ್ತಕ ಮುಚ್ಚಿಟ್ಟು, ಗಂಟಿನ ಹಗ್ಗ ನೆಲಕ್ಕೆ ಹಾಸಿ, 'ಇಲ್ಲಿ ನಿಂತ್ಕೊ. ನೀನೇ ಎ. ಆ ಕಂಬ ಬಿ' ಅನ್ನುತ್ತಿದ್ದ. ಪಕ್ಕದಲ್ಲಿ ಮಾತಾಡದ ಹುಡುಗಿ ಸಸಿಗಳಿಗೆ ಕೊಡದಲ್ಲಿ ನೀರು ಹೊರುತ್ತಿದ್ದಳು. ರಜೆಯಲ್ಲಿ ತಟ್ಟೆ ತೊಳೆಯುವ ನೀರು ಇರುವುದಿಲ್ಲವಲ್ಲ.

ಇನ್ನೂ ಕೆಲವರಿಗೆ ಹೇಳಬೇಕು. ಆಟಗಾರರಿಗೆ ಅಂತ ಇನ್ನೊಂದು ಮೊಟ್ಟೆ ಎತ್ತಿಡುತ್ತಿದ್ದ ಬಿಸಿಯೂಟದ ಅಕ್ಕಂದಿರಿಗೆ. 'ತಂಡ ಕಳಿಸಬೇಡಿ' ಅಂದ ನನ್ನ ಮಾತನ್ನು ಮಕ್ಕಳ ಮುಂದೆ ಬೇಕಂತಲೇ ಮೆಲ್ಲಗೆ ಹೇಳಿದ ಎಚ್ಚೆಂ ಸಾಹೇಬರಿಗೆ. ಹೊಲದ ಕೆಲಸದ ನಡುವೆ ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸಿದ ಅಪ್ಪ ಅಮ್ಮಂದಿರಿಗೆ. ನನ್ನ ಮನೆಗೆ ಅರ್ಧ ಚೀಲ ಈರುಳ್ಳಿ ತಂದಿಟ್ಟು, ದುಡ್ಡು ಕೊಡಲು ಹೋದರೆ ಓಡಿ ಹೋದ ಕ್ಯಾಪ್ಟನ್ನಿನ ಅಜ್ಜನಿಗೆ. ನನ್ನ ಸಿಡುಕು ಸಹಿಸಿದ ನನ್ನವಳಿಗೆ.

ಕ್ಯಾಪ್ಟನ್ ದುರ್ಗದಲ್ಲಿ ಪಿಯುಸಿ ಸೇರುತ್ತಾಳೆ. ಬಸ್ ಪಾಸಿನ ಅರ್ಜಿ ಆಗಲೇ ವಿಚಾರಿಸಿದ್ದಾಳೆ. ಕಾಲೇಜಿನಲ್ಲಿ ಖೋ-ಖೋ ತಂಡ ಇಲ್ಲವಂತೆ. 'ಮಾಡ್ತೀನಿ ಬಿಡ್ರಿ' ಅಂದಳು.

ಟಿ.ಸಿ. ತಗೊಳ್ಳೋಕೆ ಬರುವವರಿಗೆ ಒಂದು ಸೂಚನೆ. ಹನ್ನೆರಡು ಜರ್ಸಿಯಲ್ಲಿ ಹತ್ತು ವಾಪಸ್ ಬಂದಿವೆ. 4 ಮತ್ತು 9 ಇನ್ನೂ ಬಂದಿಲ್ಲ. ಯಾರ ಹತ್ತಿರ ಇವೆ ಅಂತ ನನಗೆ ಗೊತ್ತು. ಒಗೆದು ತನ್ನಿ.